ನಮ್ಮ ಬಿಲ್ಡಿಂಗಿಗೆ ಎಷ್ಟು ಮಹಡಿ? ಮೂರು ಜನರನ್ನ ಕೇಳಿದೆ, ಮೂರು ಉತ್ತರ ಬಂತು

ಕಟ್ಟಡದ ಕಥೆ, ಕಂತು 9. ಸ್ವಲ್ಪ ಉದ್ದ ಇದೆ, ಕಾಮೆಂಟಲ್ಲೂ ಮುಂದುವರಿಯುತ್ತೆ. ಬಸ್ಸಲ್ಲಿ ಕೂತಾಗ ಓದ್ಕೊಳ್ಳಿ.

ಮೊದಲನೇ ಫೋಟೋ ಝೂಮ್ ಮಾಡಿ ನೋಡಿ. ಅದು ನಾನಿರೋ ಪಿಜಿಯ ಲಿಫ್ಟು. ಬಟನ್‌ಗಳು ಕೆಳಗಿಂದ ಮೇಲಕ್ಕೆ ಪಿ, ಜಿ, 1, 2, 3. ಪಿ ಅಂದ್ರೆ ಪಾರ್ಕಿಂಗ್, ರಸ್ತೆಯಿಂದ ಬೈಕ್ ತಳ್ಕೊಂಡು ನೇರ ಒಳಗೆ ಬರೋ ಜಾಗ. ಜಿ ಅಂದ್ರೆ ಗ್ರೌಂಡ್. ಆದ್ರೆ ಆ ಗ್ರೌಂಡು ನೆಲದ ಮೇಲಿಲ್ಲ, ಪಾರ್ಕಿಂಗಿನ ತಲೆ ಮೇಲಿದೆ! 3ರ ಮೇಲೆ ಇನ್ನೊಂದು ಮಹಡಿ ಇದೆ. ಅದಕ್ಕೆ ಬಟನ್ನೇ ಇಲ್ಲ. 3ರಲ್ಲಿ ಇಳಿದು ಮೆಟ್ಟಿಲು ಹತ್ತಬೇಕು. ನಾನಿರೋದು ಅಲ್ಲೇ.

ಓನರ್ ಅಂಕಲ್‌ನ ಕೇಳಿದ್ರೆ "ನಾಲ್ಕು ಮಹಡಿ ಬಿಲ್ಡಿಂಗಪ್ಪಾ" ಅಂತಾರೆ. ರೂಮ್ ತೋರಿಸಿದ ಬ್ರೋಕರ್ "ಜಿ ಪ್ಲಸ್ ತ್ರೀ" ಅಂದಿದ್ದ. ಇಪ್ಪತ್ತು ಲೀಟರ್ ನೀರಿನ ಕ್ಯಾನ್ ಹೊತ್ಕೊಂಡು ಬರೋ ಅಣ್ಣ ಮಾತ್ರ ಯೋಚನೆ ಮಾಡದೆ "ಆರು" ಅಂದ. ಮೂರು ಜನರಲ್ಲಿ ಕೈಯಾರೆ ಎಣಿಸಿದವನು, ಅಲ್ಲಲ್ಲ, ಕಾಲಾರೆ ಎಣಿಸಿದವನು ಅವನೊಬ್ಬನೇ.

ಇದು ತಮಾಷೆ ಅಂತ ನಾನೂ ಅಂದ್ಕೊಂಡಿದ್ದೆ. ಹೋದ ಸೆಮ್ ತನಕ.

ರಾತ್ರಿ ಒಂದೂವರೆ ಇರಬೇಕು. ರೂಮ್‌ಮೇಟಿಗೆ ಫಿಟ್ಸ್ ಬಂತು. (ಅವನನ್ನ ಕೇಳಿಯೇ ಇದನ್ನ ಬರೀತಿದ್ದೀನಿ. ಈಗ ಆರಾಮಾಗಿದ್ದಾನೆ, ಪಕ್ಕದಲ್ಲೇ ಕೂತು ಮ್ಯಾಗಿ ತಿಂತಿದ್ದಾನೆ.) ಆಂಬುಲೆನ್ಸಿಗೆ ಫೋನ್ ಮಾಡಿದೆ, ಅಡ್ರೆಸ್ ಹೇಳಿದೆ, "ನಾಲ್ಕನೇ ಮಹಡಿ, ಬೇಗ ಬನ್ನಿ" ಅಂದೆ. ಬಂದ್ರು, ಬೇಗನೇ ಬಂದ್ರು. ಕೆಳಗೆ ಗಾಡಿ ನಿಂತ ಸದ್ದು ಕೇಳಿಸ್ತು. ಆಮೇಲೆ ಯಾರೂ ಮೇಲೆ ಬರಲಿಲ್ಲ.

ಆಗಿದ್ದೇನು ಅಂದ್ರೆ, ಅವರು ಲಿಫ್ಟ್ ಹತ್ತಿ 4 ಬಟನ್ ಹುಡುಕಿದ್ದಾರೆ. ಇಲ್ಲ. ತಪ್ಪು ಬಿಲ್ಡಿಂಗಿಗೆ ಬಂದ್ವಿ ಅಂದ್ಕೊಂಡು ಹೊರಗೆ ಹೋಗಿ ಪಕ್ಕದ ಬಿಲ್ಡಿಂಗಿನ ಗೇಟ್ ತಟ್ಟಿದ್ದಾರೆ. ಅದರ ವಾಚ್‌ಮನ್ ಏಳೋಕೆ ಒಂದಿಷ್ಟು ಹೊತ್ತು. ನಾನು ಇವನನ್ನ ಮಗ್ಗುಲಿಗೆ ತಿರುಗಿಸಿ ಹಿಡ್ಕೊಂಡು ಕೂತಿದ್ದೆ, ಫೋನ್ ಎಲ್ಲೋ ಮಂಚದ ಕೆಳಗೆ ಹೋಗಿತ್ತು. ಕೊನೆಗೆ ಕೆಳಗಿನ ರೂಮಿನ ಹುಡುಗ ಬಾಲ್ಕನಿಯಿಂದ ನೋಡಿ ಕೂಗಿ ಕರೆದ. ಕಾಲ್ ಲಾಗ್ ನೋಡಿ ಆಮೇಲೆ ಲೆಕ್ಕ ಹಾಕಿದೆ. ಗಾಡಿ ಬಂದಮೇಲೆ ಎಂಟು ನಿಮಿಷ ಹೋಗಿತ್ತು.

ಅವರದ್ದು ತಪ್ಪಿಲ್ಲ. ನಾನು ಹೇಳಿದ್ದೂ ಸುಳ್ಳಲ್ಲ. ಸುಳ್ಳು ಹೇಳಿದ್ದು ಆ ಬಟನ್‌ಗಳು.

ಫೋಟೋ 2. ಇದು ನಮ್ಮೂರಿನ ಹಳೇ ಮಹಡಿ ಮನೆ.

ಮಹಡಿ ಎಣಿಸೋ ಗೊಂದಲಕ್ಕೆಲ್ಲ ಬ್ರಿಟಿಷರನ್ನ ಬೈಯೋದು ಒಂದು ಫ್ಯಾಷನ್. ಅವರು ಗ್ರೌಂಡ್ ಬಿಟ್ಟು ಅದರ ಮೇಲಿಂದ ಒಂದು ಅಂತ ಎಣಿಸ್ತಾರೆ, ಅಮೆರಿಕದವರು ನೆಲಾನೇ ಒಂದು ಅಂತಾರೆ, ನಾವು ಬ್ರಿಟಿಷರ ಹಾದಿ ಹಿಡಿದ್ವಿ, ಅಷ್ಟೇ ಕಥೆ ಅಂತ. ನನಗೆ ಇದು ಅರ್ಧ ಸತ್ಯ ಅನ್ಸುತ್ತೆ. ನಮ್ಮ ಮಾತನ್ನೇ ಗಮನಿಸಿ. ನಮ್ಮೂರಲ್ಲಿ 'ಮಹಡಿ ಮನೆ' ಅಂದ್ರೆ ಮೇಲೆ ಇನ್ನೊಂದು ಅಂತಸ್ತು ಇರೋ ಮನೆ. ಅಜ್ಜಿ "ಮಹಡಿ ಮೇಲೆ ಹೋಗಿ ಹಪ್ಪಳ ತಗೊಂಡು ಬಾ" ಅಂದ್ರೆ ಮೆಟ್ಟಿಲು ಹತ್ತಲೇಬೇಕು. ನೆಲದ ಮೇಲಿರೋದು ಮನೆ, ಅದರ ಮೇಲಿರೋದು ಮಹಡಿ. ಹಾಗಾಗಿ 'ಮೊದಲನೇ ಮಹಡಿ' ಅಂದ್ರೆ ಒಂದು ಸಲ ಮೆಟ್ಟಿಲು ಹತ್ತಿದ್ಮೇಲೆ ಸಿಗೋದು, ಇದಕ್ಕೆ ಇಂಗ್ಲಿಷಿನ ಸಹಾಯ ಬೇಕಿಲ್ಲ.

ಆದ್ರೆ 'ಅಂತಸ್ತು' ಅಂದಾಗ ಲೆಕ್ಕ ನೆಲದಿಂದಲೇ ಶುರು. ಹೈಸ್ಕೂಲ್ ಟೂರಲ್ಲಿ ಗೋಲಗುಮ್ಮಟ ಹತ್ತಿದ್ದು ನೆನಪಿದ್ಯಾ? ನಾಲ್ಕು ಮೂಲೆಗೆ ನಾಲ್ಕು ಗೋಪುರ, ಒಂದೊಂದೂ ಏಳಂತಸ್ತು. ಆ ಏಳರಲ್ಲಿ ಕೆಳಗಿಂದೂ ಸೇರಿದೆ. ಅಂದ್ರೆ ಐದಂತಸ್ತಿನ ಕಟ್ಟಡದ ನಾಲ್ಕನೇ ಮಹಡಿಯೇ ಅದರ ತುದಿ. ಎರಡೂ ಲೆಕ್ಕ ಸರಿ. ಒಂದು ಕಟ್ಟಡ ಎಷ್ಟು ಎತ್ತರ ಅಂತ ಹೇಳುತ್ತೆ, ಇನ್ನೊಂದು ನೀವು ಎಷ್ಟು ಹತ್ತಬೇಕು ಅಂತ ಹೇಳುತ್ತೆ. ಎರಡು ಪದ ಇಟ್ಕೊಂಡಿರೋ ನಮ್ಮ ಭಾಷೆ ಈ ವಿಷಯದಲ್ಲಿ ಲಿಫ್ಟ್ ಕಂಪನಿಗಿಂತ ಬುದ್ಧಿವಂತ. (ಅಂತಸ್ತು ಅಂದ್ರೆ ಸ್ಥಾನಮಾನ ಅಂತಲೂ ಅರ್ಥ ಇದೆ. ಬೀಗರ ಮುಂದೆ ಯಾಕೆ ಒಂದಂತಸ್ತು ಜಾಸ್ತಿ ಹೇಳ್ತಾರೆ ಅಂತ ಈಗ ಗೊತ್ತಾಯ್ತಲ್ಲ.)

ಸೀನಿಯರ್ ಒಬ್ಬರು ಎಂಎಸ್ ಮಾಡೋಕೆ ಅಮೆರಿಕಕ್ಕೆ ಹೋದವರು ಇಲ್ಲಿಂದಲೇ 'ಫಸ್ಟ್ ಫ್ಲೋರ್' ಮನೆ ಹಿಡಿದಿದ್ರು, ಗಾಳಿ ಬೆಳಕು ಚೆನ್ನಾಗಿರುತ್ತೆ ಅಂತ. ಹೋಗಿ ನೋಡಿದ್ರೆ ಕಿಟಕಿ ತೆಗೆದ್ರೆ ಪಾರ್ಕಿಂಗ್. ಅವರೇ ಹೇಳಿದ ಇನ್ನೊಂದು ವಿಷಯ ನನಗೆ ಬಹಳ ಹಿಡಿಸ್ತು. ಅಲ್ಲಿ ಲಿಫ್ಟಲ್ಲಿ ಹೊರಗೆ ಹೋಗೋ ಮುಖ್ಯ ಬಾಗಿಲಿರೋ ಮಹಡಿಯ ಬಟನ್ ಪಕ್ಕ ಒಂದು ನಕ್ಷತ್ರ ಇರುತ್ತೆ. ಅದಕ್ಕೆ ಏನು ಹೆಸರೇ ಇರಲಿ, ನಂಬರ್ ಏನೇ ಇರಲಿ, ಹೊಗೆ ತುಂಬಿದಾಗ ನಕ್ಷತ್ರ ಇರೋ ಮಹಡಿ ತಲುಪಿದ್ರೆ ಹೊರಗೆ ದಾರಿ ಇದೆ ಅಂತ ಗೊತ್ತು. (ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬಾರದು, ಅದು ಬೇರೆ.)

ಮೇಲಕ್ಕೆ ಎಣಿಸೋದ್ರಲ್ಲೂ ಆಟ ಇದೆ. ನ್ಯೂಯಾರ್ಕಿನ ಟ್ರಂಪ್ ಟವರಿಗೆ ಇರೋದು 58 ಮಹಡಿ, ಲಿಫ್ಟಲ್ಲಿ ತುದಿ 68. ಹಾಂಗ್‌ಕಾಂಗಲ್ಲಿ 2009ರಲ್ಲಿ ಒಂದು ಕಟ್ಟಡ ದೊಡ್ಡ ಸುದ್ದಿಯಾಗಿತ್ತು. 46 ಅಂತಸ್ತು, ತುದಿ ಮಹಡಿಗೆ ನಂಬರ್ 88. ಅಲ್ಲಿ 8 ಅದೃಷ್ಟದ ಸಂಖ್ಯೆ, 4 ಸಾವಿನ ಸದ್ದು. ನಮ್ಮಲ್ಲೂ 12 ಆದ್ಮೇಲೆ 12ಎ, ಆಮೇಲೆ 14 ಅಂತ ಹಾಕೋ ಅಪಾರ್ಟ್‌ಮೆಂಟುಗಳಿವೆ. ಹದಿಮೂರು ಕೆಟ್ಟದ್ದು ಅಂತ ನಮ್ಮ ಯಾವ ಪಂಚಾಂಗ ಹೇಳಿದೆಯೋ ದೇವರಿಗೇ ಗೊತ್ತು. ಇದೆಲ್ಲ ನಗಿಸೋ ವಿಷಯ, ಇಲ್ಲಿಗೆ ಬಿಡೋಣ.

ನಗೋಕಾಗದ ಆಟ ಕೆಳಗಡೆ ನಡೆಯುತ್ತೆ. ಫೋಟೋ 3.

ಇದು ಸ್ಟಿಲ್ಟ್. ಸುತ್ತ ಗೋಡೆ ಇಲ್ಲದೆ ಬರೀ ಕಂಬಗಳ ಮೇಲೆ ಕಟ್ಟಡ ನಿಲ್ಲಿಸಿ ಕೆಳಗೆ ಗಾಡಿ ನಿಲ್ಸೋ ಜಾಗ. ಬೆಂಗಳೂರಿನ ಯಾವ ಲೇಔಟಿಗೆ ಹೋದ್ರೂ ಇದೇ. ಕಾಗದದಲ್ಲಿ ಇದನ್ನ ಮಹಡಿ ಅಂತ ಎಣಿಸಲ್ಲ. ಅದಕ್ಕೇ 'ಸ್ಟಿಲ್ಟ್ ಪ್ಲಸ್ ಫೋರ್' ಅನ್ನೋ ಭಾಷೆ. ಪ್ಲಸ್‌ನ ಈ ಕಡೆ ಇರೋದು ಲೆಕ್ಕಕ್ಕಿಲ್ಲ.

ಯಾಕೆ ಹಾಗೆ? ಅದಕ್ಕೊಂದು ನ್ಯಾಯವಾದ ಕಾರಣ ಇದೆ, ಸುಮ್ನೆ ಬೈಯೋದು ಬೇಡ. ಒಂದು ಸೈಟಲ್ಲಿ ಒಟ್ಟು ಎಷ್ಟು ಚದರ ಅಡಿ ಕಟ್ಟಬಹುದು ಅನ್ನೋದಕ್ಕೆ ಎಫ್‌ಎಆರ್ ಅಂತ ಒಂದು ಅಳತೆ. 30×40 ಸೈಟು ಅಂದ್ರೆ 1200 ಚದರ ಅಡಿ. ಎಫ್‌ಎಆರ್ 1.75 ಅಂದ್ಕೊಳ್ಳಿ, ಎಲ್ಲ ಮಹಡಿ ಸೇರಿ 2100 ಚದರ ಅಡಿ ಕಟ್ಟಬಹುದು. ಸುತ್ತ ಜಾಗ ಬಿಟ್ಟು ಒಂದೊಂದು ಮಹಡಿ 800 ಬಂತು ಅಂದ್ರೆ ಎರಡೂವರೆ ಮಹಡಿಗೆ ಕೋಟಾ ಮುಗೀತು. ಪಾರ್ಕಿಂಗನ್ನೂ ಇದರಲ್ಲಿ ಎಣಿಸಿದ್ರೆ ಯಾರು ತಾನೇ ಪಾರ್ಕಿಂಗ್ ಬಿಡ್ತಾರೆ? ಗಾಡಿಗಳೆಲ್ಲ ರಸ್ತೆಗೇ. ಅದಕ್ಕೆ ಗಾಡಿ ನಿಲ್ಸೋಕೆ ಮಾತ್ರ ಬಿಟ್ಟ ಸ್ಟಿಲ್ಟನ್ನ ಎಫ್‌ಎಆರ್ ಲೆಕ್ಕದಿಂದ ಬಿಡ್ತಾರೆ. ಇದು ಜಾಗದ ಲೆಕ್ಕ. ತಕರಾರು ಶುರುವಾಗೋದು ಜಾಗದ ಲೆಕ್ಕವನ್ನೇ ಎತ್ತರದ ಲೆಕ್ಕ, ಭಾರದ ಲೆಕ್ಕ, ಮೆಟ್ಟಿಲಿನ ಲೆಕ್ಕ ಅಂತ ಬಳಸೋಕೆ ಶುರು ಮಾಡಿದಾಗ.

2025ರಲ್ಲಿ ನಮ್ಮ ರಾಜ್ಯದಲ್ಲಿ ನಡೆದಿದ್ದನ್ನೇ ನೋಡಿ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು, ಒಸಿ ಅಂದ್ರೆ ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಗಳಿಗೆ ಕರೆಂಟು ನೀರಿನ ಕನೆಕ್ಷನ್ ಕೊಡಬಾರದು ಅಂತು. ಸಣ್ಣ ಸೈಟಲ್ಲಿ ಮನೆ ಕಟ್ಟಿದವರೆಲ್ಲ ಕರೆಂಟಿಲ್ಲದೆ ಕೂತ್ರು. ಕೊನೆಗೆ ಸರ್ಕಾರ 1200 ಚದರ ಅಡಿವರೆಗಿನ ಸೈಟಿನ ಮನೆಗಳಿಗೆ ಒಸಿ ವಿನಾಯಿತಿ ಕೊಡೋ ತೀರ್ಮಾನ ಮಾಡ್ತು. ಯಾವ ಮನೆಗಳಿಗೆ? ಗ್ರೌಂಡ್ ಪ್ಲಸ್ ಎರಡು, ಅಥವಾ ಸ್ಟಿಲ್ಟ್ ಪ್ಲಸ್ ಮೂರು. ಇನ್ನೊಮ್ಮೆ ಓದಿ. ಮೊದಲನೇದ್ರಲ್ಲಿ ಮೂರು ಸ್ಲ್ಯಾಬು, ಎರಡನೇದ್ರಲ್ಲಿ ನಾಲ್ಕು. ವಾಸಕ್ಕೆ ಎರಡರಲ್ಲೂ ಮೂರೇ, ಒಪ್ತೀನಿ. ಕಡಿಮೆ ದುಡ್ಡಿರೋರಿಗೆ ಅನುಕೂಲ ಆಯ್ತು, ಅದಕ್ಕೂ ಖುಷಿ. ಆದ್ರೆ ಒಂದು ಸ್ಲ್ಯಾಬು ಹೇಗೆ ಸದ್ದಿಲ್ಲದೆ ಮಾಯ ಆಯ್ತು ನೋಡಿ.

ಸಿವಿಲ್ ಓದೋನಾಗಿ ನನ್ನ ಹೊಟ್ಟೆ ಉರಿಯೋದು ಇಲ್ಲಿ. ಲೆಕ್ಕಕ್ಕಿಲ್ಲದ ಆ ಮಹಡಿಯೇ ಇಡೀ ಕಟ್ಟಡದಲ್ಲಿ ಅತೀ ಬಲಹೀನ. ಮೇಲಿನ ಮಹಡಿಗಳಲ್ಲಿ ಕಂಬಗಳ ನಡುವೆ ಇಟ್ಟಿಗೆ ಗೋಡೆ ಇರುತ್ತೆ, ಅಡ್ಡಕ್ಕೆ ಅಲ್ಲಾಡಿಸಿದ್ರೆ ಗೋಡೆಗಳು ತಡ್ಕೊಳ್ತಾವೆ. ಕೆಳಗೆ ಗೋಡೆ ಇಲ್ಲ, ಬರೀ ಕಂಬ. ಭೂಮಿ ನಡುಗಿದಾಗ ಮೇಲಿನದ್ದೆಲ್ಲ ಒಂದೇ ಪೆಟ್ಟಿಗೆ ಥರ ಗಟ್ಟಿಯಾಗಿ ಓಲಾಡುತ್ತೆ, ಬಾಗೋದೆಲ್ಲ ಕೆಳಗಿನ ಕಂಬಗಳೇ. ಇದಕ್ಕೆ ಸಾಫ್ಟ್ ಸ್ಟೋರಿ ಅಂತ ಹೆಸರು. 2001ರ ಜನವರಿ 26ರ ಗುಜರಾತ್ ಭೂಕಂಪದಲ್ಲಿ ಅಹಮದಾಬಾದಿನ ಬಹುಮಹಡಿ ಕಟ್ಟಡಗಳು ಬಿದ್ದವಲ್ಲ, ಅವುಗಳಲ್ಲಿ ತುಂಬಾ ಇದೇ ಥರ ಕೆಳಗೆ ಪಾರ್ಕಿಂಗಿಗೆ ಖಾಲಿ ಬಿಟ್ಟವು. ಕೇಂದ್ರಬಿಂದು ಇದ್ದದ್ದು ದೂರದ ಕಛ್‌ನಲ್ಲಿ. ಬೆಂಗಳೂರು ಕಡಿಮೆ ಅಪಾಯದ ವಲಯದಲ್ಲಿದೆ, ಹೆದರಿಸೋಕೆ ಬರೀತಿಲ್ಲ. ಕಟ್ಟಡದ ಮಟ್ಟಿಗೆ ಯಾವ ಅಂತಸ್ತಿನ ಮೇಲೆ ಎಲ್ಲರ ಭಾರ ನಿಂತಿದೆಯೋ, ಅದನ್ನೇ ನಾವು 'ಮಹಡಿ ಅಲ್ಲ' ಅಂತೀವಲ್ಲ, ಅದನ್ನ ತೋರಿಸೋಕೆ.

ಇನ್ನು ಬೆಂಕಿ. ಫೈರ್ ನಿಯಮಗಳು ಮಹಡಿಯ ಹೆಸರು ಕೇಳಲ್ಲ, ಎತ್ತರ ಕೇಳ್ತಾವೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ 15 ಮೀಟರ್ ಮುಟ್ಟಿದ್ರೆ ಅದು ಹೈರೈಸ್, ಮೆಟ್ಟಿಲು, ನೀರಿನ ಟ್ಯಾಂಕು, ಅಲಾರಂ ಎಲ್ಲಕ್ಕೂ ಬಿಗಿ ನಿಯಮ. ರಾಜ್ಯಗಳು ಈ ಗೆರೆಯನ್ನ ಅನುಕೂಲಕ್ಕೆ ತಕ್ಕ ಹಾಗೆ ಮೇಲೆ ಸರಿಸ್ಕೊಳ್ತಾವೆ, ಅದು ಇನ್ನೊಂದು ಕಂತಿಗಿರಲಿ. ನಮ್ಮ 'ನಾಲ್ಕು ಮಹಡಿ' ಬಿಲ್ಡಿಂಗನ್ನ ಅಳೆದು ನೋಡಿ. ಒಂದೊಂದು ಅಂತಸ್ತು ಮೂರು ಮೀಟರ್ ಅಂತ ಇಟ್ಕೊಂಡ್ರೂ ಆರು ಸೇರಿ 18. ಬಾಯಲ್ಲಿ ನಾಲ್ಕು, ಟೇಪಲ್ಲಿ 18 ಮೀಟರ್. ಮೆಟ್ಟಿಲು ಒಂದೇ, ಅದರ ಕೆಳಗೇ ಕರೆಂಟ್ ಮೀಟರ್ ಬೋರ್ಡು, ಅದರ ಪಕ್ಕದಲ್ಲೇ ಎಲ್ಲರ ಬೈಕು. ಫೋಟೋ 4 ಅದೇ. 2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸಲ್ಲಿ ಬೆಂಕಿ ಬಿದ್ದಾಗ ಒಂಬತ್ತು ಜನ ಹೋದ್ರು. ಹೊಗೆಗೆ ತಡೆಯೋಕಾಗದೆ ಗಾಜು ಒಡೆದು ಮೇಲಿಂದ ಹಾರಿದವರೂ ಅವರಲ್ಲಿದ್ರು. ನಾವೆಲ್ಲ ಆಗ ಅಂಗನವಾಡಿ ವಯಸ್ಸಲ್ಲಿದ್ವಿ, ಆ ಹೆಸರೇ ಕೇಳಿರದವರು ಕ್ಲಾಸಲ್ಲಿ ಅರ್ಧ ಜನ ಇದ್ದಾರೆ.

ಮೇಲಿನ ಬಟನ್ ಇಲ್ಲದ ಮಹಡಿಗೂ ಇದೇ ಮಾತು. ಪ್ಲಾನಲ್ಲಿ ಅದು ಇಲ್ಲ. ಕಂಬದ ಅಳತೆ, ಪಾಯದ ಅಳತೆ, ಕಬ್ಬಿಣ ಎಲ್ಲ ನಿರ್ಧಾರ ಆಗೋದು ಒಟ್ಟು ಎಷ್ಟು ಸ್ಲ್ಯಾಬು ಹೊರಬೇಕು ಅನ್ನೋದ್ರ ಮೇಲೆ. ಆಮೇಲೆ ತಾರಸಿ ಮೇಲೆ "ಇನ್ನೊಂದು ಚಿಕ್ಕದು" ಅಂತ ಎಬ್ಬಿಸಿದ್ರೆ ಕಾಗದದಲ್ಲಿ ಅದು ಪೆಂಟ್‌ಹೌಸು, ಸ್ಟೋರ್ ರೂಮು, ಸರ್ವೆಂಟ್ ರೂಮು, ಏನು ಬೇಕಾದ್ರೂ ಆಗಬಹುದು. ಕಂಬಕ್ಕೆ ಅದು ಬರೀ ಭಾರ. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಕಟ್ತಿದ್ದ ಕಟ್ಟಡ ಮಳೆಯಲ್ಲಿ ಕುಸಿದು ಕೂಲಿ ಕಾರ್ಮಿಕರು ಜೀವ ಕಳ್ಕೊಂಡ್ರು. ಅನುಮತಿ ಮೀರಿ ಮಹಡಿ ಎಬ್ಬಿಸಿದ್ರು ಅನ್ನೋದು ಅವರು ಸತ್ತ ಮೇಲೆ ಹೊರಗೆ ಬಂತು. ಅಲ್ಲಿವರೆಗೂ ದಿನಾ ನೂರಾರು ಜನ ಆ ರಸ್ತೆಯಲ್ಲಿ ಓಡಾಡಿರ್ತಾರೆ. ಯಾರಾದ್ರೂ ಬೆರಳು ಮಡಚಿ ಎಣಿಸಿದ್ರೆ ಗೊತ್ತಾಗ್ತಿತ್ತು. ಆದ್ರೆ ಎಷ್ಟಿರಬೇಕಿತ್ತು ಅಂತ ಎಣಿಸಿದವನಿಗೆ ಹೇಗೆ ಗೊತ್ತಾಗಬೇಕು?

ಇಳಿಜಾರಿನ ಊರವರು ನನ್ನನ್ನ ಬೈಯೋ ಮೊದಲೇ ಹೇಳ್ತೀನಿ. ಮಡಿಕೇರಿ, ಮಂಗಳೂರಿನ ಗೆಳೆಯರಿಗೆ 'ನೆಲ' ಅನ್ನೋದೇ ಒಂದಲ್ಲ. ಮೇಲಿನ ರಸ್ತೆಯಿಂದ ಒಳಗೆ ಬಂದ್ರೆ ಹಾಲು, ಮಲಗೋ ಕೋಣೆಗೆ ಕೆಳಗೆ ಇಳೀಬೇಕು, ಹಿಂದಿನ ಬಾಗಿಲು ತೆಗೆದ್ರೆ ಇನ್ನೊಂದು ರಸ್ತೆ. ಅಲ್ಲಿ ಎಲ್ಲಿಂದ ಎಣಿಸೋದು? ಮಾಲ್‌ಗಳಲ್ಲಿ ಲೋವರ್ ಗ್ರೌಂಡ್, ಅಪ್ಪರ್ ಗ್ರೌಂಡ್ ಅಂತ ಎರಡೆರಡು ನೆಲ ಬಂದಿರೋದೂ ಇಂಥ ಕಾರಣಕ್ಕೇ. ಅದು ಜಾಗದ ಸ್ವಭಾವ, ಮೋಸ ಅಲ್ಲ. ಬೆಂಗಳೂರಿನ ಸಮತಟ್ಟು ಲೇಔಟಲ್ಲಿ ಪಾರ್ಕಿಂಗ್ ಮೇಲಿನ ಮಹಡಿಗೆ ಗ್ರೌಂಡ್ ಅನ್ನೋದಕ್ಕೆ ಆ ನೆಪ ಇಲ್ಲ.

ಹಾಗಾಗಿ ನನ್ನ ವಾದ ಇಷ್ಟೇ. ಸೊನ್ನೆಯಿಂದ ಶುರು ಮಾಡ್ತೀರಾ, ಒಂದರಿಂದ ಶುರು ಮಾಡ್ತೀರಾ, ನನಗೆ ಜಗಳ ಇಲ್ಲ. ಅದು ರೂಢಿ. ಆದ್ರೆ ಮನುಷ್ಯರೋ ಗಾಡಿಯೋ ಇರೋ, ತಲೆ ಮೇಲೊಂದು ಸೂರಿರೋ ಯಾವ ಅಂತಸ್ತನ್ನೂ ಎಣಿಕೆಯಿಂದ ಬಿಡಬೇಡಿ. ಎಫ್‌ಎಆರ್ ಲೆಕ್ಕ ಕಚೇರಿಯ ಫೈಲಲ್ಲಿ ಹೇಗೆ ಬೇಕೋ ಹಾಗಿರಲಿ. ಗೋಡೆ ಮೇಲೆ, ಲಿಫ್ಟಲ್ಲಿ, ಮೆಟ್ಟಿಲಲ್ಲಿ ಇರೋ ನಂಬರು ರಸ್ತೆಯಿಂದ ಹತ್ತೋ ಕಾಲಿಗೆ ನಿಜ ಹೇಳಬೇಕು. ಮತ್ತೆ ಗೇಟಿನ ಹತ್ತಿರ ಎರಡೇ ಸಾಲಿನ ಒಂದು ಬೋರ್ಡು: ಮಂಜೂರಾಗಿದ್ದು ಇಷ್ಟು ಅಂತಸ್ತು, ಇರೋದು ಇಷ್ಟು. ಎರಡೂ ಒಂದೇ ಆಗಿದ್ರೆ ಬರೆಯೋಕೆ ಯಾರಿಗೇನು ಕಷ್ಟ?

ಕಷ್ಟ ಇದೆ. ಮೊದಲು ಕಷ್ಟ ಆಗೋದು ನನಗೇ. ಪ್ಲಾನಲ್ಲಿಲ್ಲದ ಮಹಡಿಯಲ್ಲಿರೋದ್ರಿಂದ ನನ್ನ ರೂಮ್ ಬಾಡಿಗೆ ಕೆಳಗಿನವರಿಗಿಂತ ಒಂದೂವರೆ ಸಾವಿರ ಕಮ್ಮಿ. ಅಪ್ಪ ತಿಂಗಳಿಗೆ ಕಳಿಸೋ ದುಡ್ಡಲ್ಲಿ ಆ ಒಂದೂವರೆ ಸಾವಿರವೇ ನನ್ನ ಬಸ್ ಪಾಸು, ಝೆರಾಕ್ಸು, ಭಾನುವಾರದ ಬಿರಿಯಾನಿ. ನಾಳೆ ಯಾರೋ ಬಂದು ಎಣಿಸಿ ಆ ಮಹಡಿ ಒಡೆದ್ರೆ ನಾನು ಎಲ್ಲಿಗೆ ಹೋಗ್ಲಿ? ಈ ನಗರದಲ್ಲಿ ನಮ್ಮಂಥ ಎಷ್ಟೋ ಜನ ಇರೋದು ಲೆಕ್ಕದಲ್ಲಿಲ್ಲದ ಮಹಡಿಗಳಲ್ಲೇ. ಅಂಕಲ್‌ಗೂ ಬ್ಯಾಂಕ್ ಸಾಲ ಇದೆ, ರಾಕ್ಷಸ ಅಲ್ಲ ಆ ಮನುಷ್ಯ, ಆ ರಾತ್ರಿ ಆಸ್ಪತ್ರೆ ತನಕ ಬಂದು ಬೆಳಗಿನವರೆಗೂ ಕೂತಿದ್ರು. ಇಷ್ಟೆಲ್ಲ ಗೊತ್ತಿದ್ದೂ ಬರೀತಿದ್ದೀನಿ. ಯಾಕಂದ್ರೆ ಆ ಎಂಟು ನಿಮಿಷ ನಾನು ಅವನ ತಲೆ ಹಿಡ್ಕೊಂಡು ಕೂತಿದ್ದೆ.

ಫೋಟೋ 5, 6. ಆಸ್ಪತ್ರೆಯಿಂದ ವಾಪಸ್ ಬಂದ ವಾರ ಒಂದು ಡಬ್ಬಿ ಕೆಂಪು ಪೇಂಟು ತಂದೆ. ಹಳೇ ಡ್ರಾಯಿಂಗ್ ಶೀಟ್ ಕತ್ತರಿಸಿ ಅಂಕಿಗಳ ಅಚ್ಚು ಮಾಡ್ಕೊಂಡೆ. ಪಾರ್ಕಿಂಗಿಂದ ಶುರು ಮಾಡಿ ಮೆಟ್ಟಿಲಿನ ಪ್ರತಿ ಬಾಗಿಲ ಮುಂದೆ ಗೋಡೆ ಮೇಲೆ ಒಂದಡಿ ಎತ್ತರಕ್ಕೆ ಬರೆದೆ. 0, 1, 2, 3, 4, 5. ನಮ್ಮ ಬಾಗಿಲ ಪಕ್ಕ 5. ಲಿಫ್ಟ್ ಬಟನ್‌ಗಳ ಪಕ್ಕ ಪ್ಲಾಸ್ಟರ್ ಅಂಟಿಸಿ ಅದೇ ನಂಬರ್ ಬರೆದೆ, ಪಿ ಪಕ್ಕ ಒಂದು ನಕ್ಷತ್ರ. ಅಡುಗೆ ಅಕ್ಕ ನೋಡಿ "ಓ, ನಾನು ದಿನಾ ಇಷ್ಟು ಹತ್ತುತೀನಾ" ಅಂದ್ರು. ನೀರಿನ ಅಣ್ಣ ಏನೂ ಹೇಳಲಿಲ್ಲ, ಕ್ಯಾನ್ ಇಳಿಸಿ 5ನ್ನ ಒಂದು ಸಲ ಮುಟ್ಟಿ ನೋಡಿ ಹೋದ.

ಸಂಜೆ ಅಂಕಲ್ ಬಂದ್ರು. ಬೈಯಲಿಲ್ಲ. ಒಂದೊಂದೇ ನೋಡ್ತಾ ಮೇಲೆ ಬಂದು ನಮ್ಮ ಬಾಗಿಲ ಹತ್ತಿರ ನಿಂತು, "ಒಳ್ಳೇ ಕೆಲಸನೇ ಮಾಡಿದ್ದೀಯಪ್ಪಾ. ಆದ್ರೆ ಇದೊಂದು ಬೇಡ. ಯಾರಾದ್ರೂ ಬಂದ್ರೆ ಎಣಿಸ್ತಾರೆ" ಅಂದ್ರು.

"ಎಣಿಸ್ಲಿ ಅಂತಾನೇ ಬರೆದಿದ್ದು ಅಂಕಲ್" ಅಂದೆ. ಅವರು ನಮ್ಮ ರೂಮಿನೊಳಗೆ ಇವನ ಮಂಚದ ಕಡೆ ಒಮ್ಮೆ ನೋಡಿದ್ರು, ಏನೂ ಮಾತಾಡದೆ ಇಳಿದು ಹೋದ್ರು.

ಮಾರನೇ ದಿನ ಕಾಲೇಜಿಂದ ಬರೋ ಹೊತ್ತಿಗೆ 5ರ ಮೇಲೆ ಸುಣ್ಣ ಬಳಿದಿತ್ತು. ಒಂದೇ ಕೋಟು. ಕೆಂಪು ಇನ್ನೂ ಕಾಣುತ್ತೆ. ಕೊನೇ ಫೋಟೋ ಅದೇ, ಬ್ರೈಟ್‌ನೆಸ್ ಜಾಸ್ತಿ ಮಾಡಿ ನೋಡಿ.

ನಿಮ್ಮ ಪಿಜಿ, ಹಾಸ್ಟೆಲ್, ಬಾಡಿಗೆ ಮನೆಯ ಲಿಫ್ಟ್ ಬಟನ್ ಫೋಟೋ ಕಳಿಸಿ. ಪಕ್ಕದಲ್ಲಿ ರಸ್ತೆಯಿಂದ ನೀವೇ ಹತ್ತಿ ಎಣಿಸಿದ ಸಂಖ್ಯೆ ಬರೀರಿ. ಬಿಲ್ಡಿಂಗ್ ಹೆಸರು ಬೇಡ. ಮುಂದಿನ ಕಂತಲ್ಲಿ ಒಟ್ಟಿಗೆ ಹಾಕ್ತೀನಿ.

#ಕಟ್ಟಡದಕಥೆ #ಎಷ್ಟನೇಮಹಡಿ